ಚೀನೀ ಪಾಠದಲ್ಲಿದ್ದ ಹುಳುಮನೆ

ಆ ಬೆಳಿಗ್ಗೆ ನಮ್ಮ ಹುಳುಮನೆಯಿಂದ ಸೊಪ್ಪು ಮೇಯುವ ಸದ್ದೇ ಕೇಳಲಿಲ್ಲ. ಬಾಗಿಲು ತೆರೆದರೆ ಒಂದೊಂದು ತಟ್ಟೆಯಲ್ಲೂ ರೇಷ್ಮೆಹುಳುಗಳು ಹಸಿರು ರಸ ಕಕ್ಕಿಕೊಂಡು ಹೊರಳಾಡುತ್ತಿದ್ದವು. ಇನ್ನು ನಾಲ್ಕೇ ದಿನದಲ್ಲಿ ಗೂಡು ಕಟ್ಟಬೇಕಿದ್ದ ಹುಳುಗಳು.

ಅಮ್ಮ ಪಕ್ಕದ ನನ್ನ ಕೋಣೆಗೆ ಹೋಗಿ ಬೂದಿಯಿದ್ದ ಬಟ್ಟಲು ಹಿಡಿದು ಬಂದಳು. ಅದು ಸೊಳ್ಳೆಬತ್ತಿಯ ಬೂದಿ. ಎಂಬತ್ತರ ದಶಕದ ಕೊನೆಯ ಮಾತು. ದೆಹಲಿಯ ಹಾಸ್ಟೆಲ್ಲಿನಿಂದ ಜಂಗಮಕೋಟೆ ಹತ್ತಿರದ ನಮ್ಮೂರಿಗೆ ರಜೆಗೆ ಬಂದಿದ್ದ ನಾನು, ಅಲ್ಲಿನ ಅಭ್ಯಾಸದಂತೆ ಹಿಂದಿನ ಸಂಜೆ ಬತ್ತಿ ಹಚ್ಚಿಟ್ಟು ಓದಲು ಕುಳಿತಿದ್ದೆ. ನಮ್ಮ ಮನೆ ಅಂಥ ಬತ್ತಿ ಕಂಡದ್ದು ಅದೇ ಮೊದಲು. ನನ್ನ ಕೋಣೆಗೂ ಹುಳುಮನೆಗೂ ನಡುವಿನ ಗೋಡೆ ಸೂರು ಮುಟ್ಟುತ್ತಿರಲಿಲ್ಲ; ಬತ್ತಿಯ ವಿಷದ ಹೊಗೆ ರಾತ್ರಿಯಿಡೀ ಆಚೆ ಇಳಿದಿತ್ತು.

ಓದುತ್ತಿದ್ದದ್ದು ಚೀನೀ ಪಾಠ. ಬಿ.ಎ.ಯಲ್ಲಿ ಇತಿಹಾಸದ ಜೊತೆಗೆ ಚೀನೀ ಭಾಷೆ, ಸಾಹಿತ್ಯವನ್ನು ಉಪವಿಷಯವಾಗಿ ತೆಗೆದುಕೊಂಡಿದ್ದೆ. ಪಾಠ ಚೀನಾದ ಹಳ್ಳಿಯ ಹೆಂಗಸರು ಹುಳು ಸಾಕುವ ಬಗ್ಗೆ ಇತ್ತು. ಊಟಕ್ಕೆ ಕೂತಾಗ ಅಮ್ಮನಿಗೆ ಕನ್ನಡದಲ್ಲಿ ಹೇಳಿದ್ದೆ: ಅವರ ಹುಳುಮನೆಗೂ ಹೊಗೆ ಸೋಕಬಾರದು, ಒಗ್ಗರಣೆ ಘಾಟು ಬರಬಾರದು, ಹೊರಗಿನವರು ಕಾಲಿಡಬಾರದು. "ನಮ್ಮಂಗೇ ಕಣೇ" ಎಂದು ಅಮ್ಮ ಬೆರಗಾಗಿದ್ದಳು.

ಈಗ ಬಟ್ಟಲನ್ನು ನನ್ನ ಮುಂದಿಟ್ಟು ಮೆಲ್ಲಗೆ ಕೇಳಿದಳು: "ನೆನ್ನೆ ಅಷ್ಟು ಚೆನ್ನಾಗಿ ಓದಿ ಹೇಳಿದ್ಯಲ್ಲಮ್ಮ. ನಿಂಗೇ ಕೇಳಿಸ್ಲಿಲ್ವಾ?"

ಆ ವರ್ಷದ ಪರೀಕ್ಷೆಯಲ್ಲಿ ಅದೇ ಪಾಠದ ಮೇಲೆ ಪ್ರಶ್ನೆ ಬಂತು. ಉತ್ತರ ಪೂರ್ತಿ ಗೊತ್ತಿತ್ತು. ಒಂದು ಸಾಲೂ ಬರೆಯಲಾಗದೆ ಆ ಪುಟ ಖಾಲಿ ಬಿಟ್ಟು ಎದ್ದು ಬಂದೆ.