ಎತ್ತಬಾರದ ಫೋನು

ಮೊನ್ನೆ ಚೌಡಾಪುರದಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ ಯಾರದೋ ಹಳೇ ಗುಂಡಿ ಫೋನು ಒಂದೇ ಸಲ ರಿಂಗಾಗಿ ಸುಮ್ಮನಾಯಿತು. ಆ ಸದ್ದಿಗೆ ನನಗೆ ಹೊಟ್ಟೆ ಹಸಿಯಿತು. ನಗಬೇಡಿರಿ, ಖರೇನೇ ಹೇಳುತ್ತಿದ್ದೇನೆ. ಅಫಜಲಪುರದ ನಮ್ಮ ಮನೆಯಲ್ಲಿ ಸಂಜೆ ಆ ಸದ್ದು ಬರುವ ತನಕ ಯಾರಿಗೂ ಊಟವಿರಲಿಲ್ಲ. ಒಲೆಯ ಹೊಗೆಯ ಜೊತೆ ಪುಂಡಿಪಲ್ಯದ ಹುಳಿ ವಾಸನೆ ಮನೆತುಂಬ ಹರಡಿದ್ದರೂ ಆಯಿ, ನಮ್ಮಪ್ಪನ ಅವ್ವ, ರೊಟ್ಟಿ ಬುಟ್ಟಿಯ ಮೇಲಿನ ಅರಿವೆ ತೆಗೆಯುತ್ತಿರಲಿಲ್ಲ. ಜೇವರ್ಗಿಗೆ ಕೊಟ್ಟ ಮಗಳು, ನಮ್ಮ ಸುಗಲಾ ಅತ್ತಿ, ದಿನಾ ಒಂದು ಮಿಸ್‌ಕಾಲ್ ಕೊಡಬೇಕು. ಕೊಟ್ಟರೆ ಆಕೆ ಆರಾಮ ಇದ್ದಾಳೆಂದು ಅರ್ಥ. ಈಗ ಆಯಿಯೂ ಇಲ್ಲ, ಆ ಮನೆಯೂ ಇಲ್ಲ.

ಆಗ ಮಾತಾಡಿದರೆ ಕರೆನ್ಸಿ ಹೋಗುತ್ತಿತ್ತು, ಮಿಸ್‌ಕಾಲ್ ಪುಕ್ಕಟೆ. ಅದಕ್ಕೇ ಅತ್ತಿಯ ಫೋನು ಎತ್ತಬಾರದೆಂಬುದು ಮನೆಯ ಕಾನೂನು. ಒಮ್ಮೆ ಕಾಕಾ ಮರೆತು ಎತ್ತಿ ಹಲೋ ಅಂದದ್ದಕ್ಕೆ ಆಯಿ ಎಷ್ಟೋ ದಿನ ಮುಖ ಊದಿಸಿಕೊಂಡಿದ್ದಳು. ಮಗಳ ಕರೆನ್ಸಿ ಹಾಳು ಮಾಡಿದನಂತೆ, ಗಂಡನ ಮನೆಯಲ್ಲಿ ಆಕೆ ಬೈಸಿಕೊಳ್ಳಬೇಕಂತೆ. ಮಿಸ್‌ಕಾಲ್ ಬಂದಾಗ ಆಯಿ ಪ್ಲಾಸ್ಟಿಕ್ ಕವರಿನೊಳಗಿನ ಫೋನನ್ನು ಮಡಿಲಲ್ಲಿಟ್ಟುಕೊಂಡು, ಅದರ ಬೆಳಕು ಆರುವ ತನಕ ಸವರುತ್ತಿದ್ದಳು. ಈಗ ನಾವು ವಿಡಿಯೋ ಕಾಲಿನಲ್ಲಿ ಗಂಟೆಗಟ್ಟಲೆ ಮುಖ ನೋಡಿಕೊಳ್ಳುತ್ತೇವಲ್ಲ, ಅಷ್ಟು ಅಕ್ಕರೆಯಿಂದ ಯಾರನ್ನಾದರೂ ನೋಡಿದ್ದು ನನಗಂತೂ ನೆನಪಿಲ್ಲ.

ಒಂದು ಸಂಜೆ ಫೋನು ಒಂದು ರಿಂಗಿಗೆ ನಿಲ್ಲಲಿಲ್ಲ. ಹೊಡಕೊಂಡು ಹೊಡಕೊಂಡು ನಿಂತಿತು, ಮತ್ತೆ ಶುರುವಾಯಿತು. ಎತ್ತೋಣವೇನು ಎಂದು ನಮ್ಮವ್ವ ಕೇಳಿದಳು. ಆಯಿ ಫೋನನ್ನು ಎದೆಗೊತ್ತಿಕೊಂಡು ಬಿಡಲೇ ಇಲ್ಲ.

"ಇವತ್ತ ಭಾಳ ಖುಷಿದಾಗ ಇದ್ದಾಳ ನನ್ನ ಮಗಳು" ಅಂದಳು. ನಾವೂ ನಕ್ಕು ಉಂಡೆವು. ಮರುದಿನದಿಂದ ಮತ್ತೆ ಮೊದಲಿನ ಹಾಗೆ ಒಂದೇ ರಿಂಗು.

ವರ್ಷಗಳು ಉರುಳಿ ಮಾತೇ ಪುಕ್ಕಟೆಯಾಯಿತು, ಮಿಸ್‌ಕಾಲ್ ನಿಂತಿತು. ಪಂಚಮಿಗೆ ಬಂದ ಅತ್ತಿ ಆಯಿಗೊಂದು ಟಚ್ ಫೋನು ತಂದಿದ್ದಳು. ಪಡಸಾಲೆಯಲ್ಲಿ ಕೂತು, ಹಸಿರು ಗುರುತನ್ನು ಜಾರಿಸಿ ಎತ್ತುವುದನ್ನು ಕಲಿಸುತ್ತ, ನಗುನಗುತ್ತಲೇ ಆ ಸಂಜೆಯ ಮಾತು ತೆಗೆದಳು. ಅವತ್ತು ಗಂಡ ಹೊಡೆದಿದ್ದನಂತೆ. ಅರಿವೆ ಗಂಟು ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದು ನಮಗೆ ಫೋನ್ ಹಚ್ಚಿದ್ದಳಂತೆ. ಯಾರೂ ಎತ್ತದಿದ್ದಾಗ ತಿರುಗಿ ಅದೇ ಮನೆಗೆ ಹೋದಳಂತೆ. ಬೆಂಕಿ ಹತ್ತಲಿ ಆ ಕರೆನ್ಸಿಗೆ.

"ಎತ್ತಿದ್ರ ಏನಂತಿದ್ದಿ?" ಆಯಿ ಕೇಳಿದಳು.

"ಬರ್ಲೇನವ್ವಾ ಅಂತಿದ್ದೆ."

ಆಗಿಹೋದದ್ದು ಬಿಡು ಎಂದು ಅತ್ತಿಯೇ ಸಮಾಧಾನ ಹೇಳಿ, ಹಬ್ಬ ಮುಗಿಸಿ ಜೇವರ್ಗಿ ಬಸ್ಸು ಹತ್ತಿದಳು.

ಅಂದಿನಿಂದ ಆಯಿ ಒಂದು ಫೋನನ್ನೂ ಬಿಡಲಿಲ್ಲ. ಬಾಯಲ್ಲಿ ತುತ್ತಿದ್ದರೂ ಎದ್ದು ಎತ್ತುವಳು. ಆದರೆ ಯಾವಾಗ ಬೇಕಾದರೂ ಮಾತಾಡಬಹುದಲ್ಲ ಎಂದುಕೊಂಡು ನಾವು ಯಾರೂ ಆಕೆಗೆ ಫೋನು ಮಾಡುತ್ತಿರಲಿಲ್ಲ, ಅತ್ತಿಯದೂ ಅಪರೂಪ. ಬರುತ್ತಿದ್ದವು ಸಾಲ ಬೇಕೇನು ಎಂದು ಕೇಳುವ ರೆಕಾರ್ಡ್ ಮಾಡಿದ ಕಾಲ್‌ಗಳು. ನಾವು ಸಿಡುಕಿ ಕಟ್ ಮಾಡುವಂಥವು. ಅದು ಮಿಷಿನ್ನು ಆಯಿ, ಇಡು ಅಂದರೆ ಸುಮ್ಮನಿರು ಎಂದು ಕೈಸನ್ನೆ ಮಾಡುತ್ತಿದ್ದಳು. ಆ ಹೆಣ್ಣುದನಿ ತನ್ನ ಮಾತು ಮುಗಿಸುವ ತನಕ ಕಿವಿಗೊತ್ತಿ ಕೇಳಿ, ಕಡೆಗೆ ಮೆಲ್ಲಗೆ ಅನ್ನುತ್ತಿದ್ದಳು: "ಬಾ ನನ್ನವ್ವ, ಬಂದುಬಿಡು."