ಮೊದಲು ಎತ್ತಿದ ಎಲೆ

ಅಣ್ಣನ ಫೋನ್ ಬಂದಾಗ ರೂಪಶ್ರೀ ಕೂಸಿಗೆ ರಾಗಿ ಸರಿ ತಿನ್ನಿಸುತ್ತಿದ್ದಳು. ಚಾಮರಾಜನಗರದ ಒಂದೂವರೆ ಕೋಣೆಯ ಬಾಡಿಗೆ ಮನೆ. ಗಂಡ ಸೋಮೇಶ್ ಬದನಗುಪ್ಪೆಯ ಕಾರ್ಖಾನೆಗೆ ಬೆಳಗಿನ ಶಿಫ್ಟಿಗೆ ಹೋಗಿದ್ದ.

“ನಾಳಿಕ್ಕೆ ಗುಂಡ್ಲುಪೇಟೆಗೆ ಬಂದ್ಬುಡವ್ವ. ಒಂದು ಸೈನು ಅಷ್ಟೆಯ. ನಿಮ್ಮತ್ತಿಗೆ ಸೀರೆ ಬೇರೆ ತಂದವ್ಳೆ,” ಎಂದ ನೀಲಕಂಠಸ್ವಾಮಿ.

“ಯಾವುದಕ್ಕಣ್ಣ ಸೈನು?”

“ಜಮೀನ ನಾನೂ ನಿನ್ನ ಚಿಕ್ಕಣ್ಣ ಮಲ್ಲೇಶನೂ ಭಾಗ ಮಾಡ್ಕತಾ ಇದ್ದೀವಿ. ಹೆಣ್ಮಗಳದ್ದೂ ಒಂದು ಸೈನಿರ್ಬೇಕಂತೆ. ಎಲ್ಲಾರ ಮನೇಲೂ ಇದ್ದದ್ದೆ ಕಣಮ್ಮಿ.”

ಅವಳು ಹ್ಞೂಂ ಎಂದಳು. ಆ ಅಣ್ಣನಿಗೆ ಇಲ್ಲ ಅಂದು ಅಭ್ಯಾಸವೇ ಇರಲಿಲ್ಲ. ಅವಳಿಗೆ ಆರು ತುಂಬುವ ಮೊದಲೇ ಅವ್ವ ತೀರಿಕೊಂಡಿದ್ದಳು. ಹದಿನೈದು ವರ್ಷ ದೊಡ್ಡವನಾದ ಅಣ್ಣ ತೆರಕಣಾಂಬಿಯ ಶಾಲೆಗೆ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ. ಅತ್ತಿಗೆ ನಾಗರತ್ನ ಮದುವೆಯಾಗಿ ಬಂದ ಮರುವಾರದಿಂದಲೇ ಇವಳ ತಲೆಯ ಸಿಕ್ಕು ಬಿಡಿಸಲು ಕೂತಿದ್ದಳು. ಅಪ್ಪ ಹೋದ ವರ್ಷ ಹೋದರು. ಇನ್ನು ತವರೆಂದರೆ ಇವರೇ.

ಆದರೆ ಅವಳಿಗೂ ಒಂದು ಆಸೆಯಿತ್ತು. ಮದುವೆಗೆ ಮೊದಲು ನಾಲ್ಕು ವರ್ಷ ಅವಳು ಗುಂಡ್ಲುಪೇಟೆ ರಸ್ತೆಯ ಒಂದು ನರ್ಸರಿಯಲ್ಲಿ ದುಡಿದಿದ್ದಳು. ಟ್ರೇಗೆ ತೆಂಗಿನ ನಾರಿನ ಪುಡಿ ತುಂಬಿ, ಗುಳಿಗೊಂದರಂತೆ ಚೆಂಡುಹೂವಿನ ಬೀಜ ಇಟ್ಟು ಸಸಿ ಎಬ್ಬಿಸುವುದು ಅವಳಿಗೆ ಕಣ್ಣು ಮುಚ್ಚಿದರೂ ಬರುತ್ತಿತ್ತು. ಸೋಮೇಶನದು ಗುತ್ತಿಗೆ ಕೆಲಸ. ಎರಡು ವರ್ಷದಲ್ಲಿ ಮೂರು ಸಲ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದ. ನೀರಿರುವ ಒಂದು ತುಂಡು ನೆಲ ಸಿಕ್ಕರೆ ತನ್ನದೇ ನರ್ಸರಿ ಹಾಕಬಹುದು ಎಂದು ಡೈರಿಯಲ್ಲಿ ಎಷ್ಟು ಸಲ ಬರೆದಿದ್ದಳೋ. ಅಪ್ಪನ ಆರು ಎಕರೆಯಲ್ಲಿ ನೀರಿದ್ದದ್ದು ಒಂದೇ ಕಡೆ, ಬಾವಿ ಹೊಲದಲ್ಲಿ.

ಆ ಸಂಜೆ ಡೈರಿಯಲ್ಲಿ, ಕೂಸಿನ ಚುಚ್ಚುಮದ್ದಿನ ತಾರೀಖಿನ ಕೆಳಗೆ ಬರೆದಳು: ‘ಅಣ್ಣ ಕರೆದಿದ್ದಾನೆ. ಹೋಗುತ್ತೇನೆ. ಓದದೆ ಸೈನು ಹಾಕುವುದಿಲ್ಲ.’

ಗುಂಡ್ಲುಪೇಟೆಯ ನೋಂದಣಿ ಕಚೇರಿಯ ಎದುರು ಪತ್ರ ಬರೆಯುವ ಸುಧಾಕರನ ಅಂಗಡಿ. ಇಬ್ಬರು ಅಣ್ಣಂದಿರೂ ಅತ್ತಿಗೆಯೂ ಮೊದಲೇ ಬಂದಿದ್ದರು. ನಾಗರತ್ನ ಸೀರೆಯ ಕವರನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ರೂಪಶ್ರೀ ಕೂಸನ್ನು ಅವಳ ಕೈಗೆ ಕೊಟ್ಟು ಕಾಗದ ತೆಗೆದುಕೊಂಡು ಓದತೊಡಗಿದಳು. ‘ನನ್ನ ಸ್ವಇಚ್ಛೆಯಿಂದ, ಅರಿಶಿನ ಕುಂಕುಮದ ಬಾಬ್ತು ಸೀರೆ ಸ್ವೀಕರಿಸಿ...’ ಇಷ್ಟಕ್ಕೆ ಅವಳು ತಯಾರಾಗಿಯೇ ಬಂದಿದ್ದಳು. ಮುಂದಿನ ಸಾಲಿನಲ್ಲಿ ಕಣ್ಣು ನಿಂತಿತು. ‘ಇನ್ನು ಮುಂದೆ ನನಗಾಗಲಿ, ನನ್ನ ಮಕ್ಕಳಿಗಾಗಲಿ ಯಾವ ಹಕ್ಕೂ ಇರುವುದಿಲ್ಲ.’ ಪತ್ರ ‘ಮಕ್ಕಳು’ ಎಂದು ಕರೆದಿದ್ದ ಕೂಸು ಅತ್ತಿಗೆಯ ತೊಡೆಯ ಮೇಲೆ ಸೀರೆಯ ಕವರನ್ನು ಬಾಯಿಗೆ ಹಾಕಿಕೊಂಡು ಜಗಿಯುತ್ತಿತ್ತು.

“ನಾನು ಹಾಕಲ್ಲ ಅಣ್ಣ.”

ಕಾಗದವನ್ನು ಸುಧಾಕರನ ಮುಂದೆ ವಾಪಸಿಟ್ಟಳು.

“ನೋಡಣ್ಣ,” ಎಂದು ಮಲ್ಲೇಶ್ ಕುರ್ಚಿ ಹಿಂದಕ್ಕೆ ತಳ್ಳಿದ. “ಕೂತು ಓದ್ಲಿ ಅಂತ ಪೇಪರ್ ಕೊಟ್ಯಲ್ಲ, ಅದ್ಕೇ ಇದು!”

ನಾಗರತ್ನಳ ಮುಖ ಕೆಂಪಾಗಿತ್ತು. “ನಿಂಗೆ ತವರು ಬೇಕಾ ಮಣ್ಣು ಬೇಕಾ, ರೂಪ?”

“ಎರಡೂ ಬೇಕತ್ತಿಗೆ. ಅಣ್ಣಂದಿರ್ಗೆ ಎರಡೂ ಸಿಕ್ಕಲ್ವ?”

ನೀಲಕಂಠಸ್ವಾಮಿ ಸುಧಾಕರನ ಕಡೆ ತಿರುಗಿದ. ಸುಧಾಕರ ಕನ್ನಡಕ ತೆಗೆದು ಅಂಗಿಗೆ ಒರೆಸುತ್ತ, “ನಾನು ಮೊದ್ಲೇ ಹೇಳಿದ್ನಲ್ಲ ಸ್ವಾಮಿ. ತಾತನ ಕಾಲದ ಆಸ್ತಿ. ಮಗನಷ್ಟೇ ಮಗಳಿಗೂ ಹುಟ್ಟಿದಾಗಿಂದ್ಲೇ ಹಕ್ಕು. ಎರಡು ಸಾವಿರದ ಐದರಿಂದ ಕಾನೂನೇ ಹಂಗದೆ. ಅವರಾಗಿ ಬುಟ್ಕೊಟ್ರೆ ಸರಿ, ಇಲ್ದಿದ್ರೆ ಮೂರು ಸಮಪಾಲು. ಕೋರ್ಟಿಗೆ ಹೋದ್ರೂ ಇದೇ ಸಿಕ್ಕೋದು, ನಡುವೆ ನಿಮ್ಮ ತಲೆಗೂದ್ಲು ಬೆಳ್ಳಗಾಗಿರ್ತದೆ” ಎಂದ.

ನೀಲಕಂಠಸ್ವಾಮಿ ಎದ್ದು ಟವೆಲ್ಲು ಕೊಡವಿದ. “ಆಯ್ತು. ಮೂರೇ ಮಾಡನ. ನಡೀರಿ ಮನೆಗೆ. ಸುಧಾಕರ, ನೀನೂ ಬಾ. ಮಾದಪ್ಪನ್ನ ಕರ್ಸಿ.”

ಮಾದಪ್ಪ ಅಪ್ಪನ ಜೊತೆಗಾರ. ತೆರಕಣಾಂಬಿಯಲ್ಲಿ ಯಾರ ಮನೆ ಭಾಗವಾದರೂ ಜಗುಲಿಯ ಮೇಲೆ ಅವನಿಗೊಂದು ಚಾಪೆ. ಅವನು ನಡೆಸುವ ಪದ್ಧತಿ ಊರಿಗೆಲ್ಲ ಗೊತ್ತು. ಒಂದೊಂದು ಹೊಲದ ಒಂದೊಂದು ಹಿಡಿ ಮಣ್ಣು ತರಿಸಿ ವೀಳ್ಯದೆಲೆಯ ಮೇಲೆ ಇಡಿಸುತ್ತಾನೆ. ಯಾವ ಭಾಗಕ್ಕೆ ಏನು ಸೇರಬೇಕೆಂದು ಹಿರಿಯ ಮಗ ಹೇಳಬೇಕು. ಎಲೆಯನ್ನು ಮೊದಲು ಎತ್ತುವುದು ಮಾತ್ರ ಎಲ್ಲರಿಗಿಂತ ಕಿರಿಯರು. ಕೊನೆಗೆ ಉಳಿದದ್ದು ಹಿರಿಯನಿಗೆ. ಹಾಗಾಗಿ ಭಾಗ ಮಾಡುವವನ ಕೈ ತಾನಾಗಿಯೇ ನೆಟ್ಟಗಿರುತ್ತದೆ.

ಅಪ್ಪನ ಹೊಲ ಮೂರು, ಒಂದೊಂದೂ ಎರಡೆರಡು ಎಕರೆ. ಚಾಮರಾಜನಗರದ ರಸ್ತೆಗೆ ತಾಗಿದ ರಸ್ತೆ ಹೊಲ. ಅದರಲ್ಲಿ ಹೋಟೆಲ್ ಹಾಕಬೇಕೆಂದು ಮಲ್ಲೇಶ್ ಬಹಳ ದಿನದಿಂದ ಹೇಳುತ್ತಿದ್ದ. ಹಳೇ ಬಾವಿ, ಬೋರ್‌ವೆಲ್ ಎರಡೂ ಇರುವ ಬಾವಿ ಹೊಲ. ಅಲ್ಲಿ ನೀಲಕಂಠಸ್ವಾಮಿಯ ಅರಿಶಿನ ಸೊಂಟದುದ್ದ ನಿಂತಿತ್ತು. ಇನ್ನೊಂದು ಗುಡ್ಡದ ಮಗ್ಗುಲಿನ ಬಾರೆ ಹೊಲ. ಕಲ್ಲು, ಇಳಿಜಾರು, ಹಂದಿ ಕಾಟ. ಮನೆಗೆ ಬರುವ ದಾರಿಯಲ್ಲೇ ಅಣ್ಣ ತಮ್ಮ ಬೈಕಿನಲ್ಲಿ ಮಾತಾಡಿಕೊಂಡಿದ್ದರು: ಮಲ್ಲೇಶ್ ಮೊದಲು ರಸ್ತೆ ಹೊಲ ಎತ್ತುವುದು, ಅಣ್ಣ ಬಾವಿ ಹೊಲ. ಕಾಗದ ಓದಿದವಳಿಗೆ ಬಾರೆ.

ಮೂರು ಎಲೆ ಬಂದವು. ರಸ್ತೆ ಹೊಲದ್ದು ಕೆಮ್ಮಣ್ಣು, ಬಾವಿ ಹೊಲದ್ದು ಒದ್ದೆ ಕಪ್ಪು, ಬಾರೆಯದು ಬರೀ ನೊರಜುಗಲ್ಲು. ರೂಪಶ್ರೀ ಬಾಗಿಲ ಬಳಿ ಕೂಸಿನ ಬೆನ್ನು ತಟ್ಟುತ್ತ ನಿಂತಿದ್ದಳು. ಬಾರೆಯ ಎಲೆ ಯಾರಿಗೆಂದು ಕೇಳಬೇಕಾಗಿರಲಿಲ್ಲ. ಮಲ್ಲೇಶ್ ಅವಳ ಮುಖ ನೋಡುತ್ತಿರಲಿಲ್ಲ.

“ಬಾರೆ ಹೊಲಕ್ಕೆ ನೀರು ಹೆಂಗಣ್ಣ?” ಎಂದು ಕೇಳಿದಳು. “ಬೋರು ಅಪ್ಪಂದಲ್ವ? ವಾರಕ್ಕೆರಡು ದಿನನಾದ್ರೂ...”

“ಬೋರು ಯಾರ ಹೊಲ್ದಲ್ಲಿ ಅದೆಯೋ ನೀರು ಅವ್ರದ್ದು. ಬೇರೆಯವ್ರಿಗೆ ಒಂದು ತಂಬಿಗೆನೂ ಇಲ್ಲ. ಬರ್ಕೋ ಸುಧಾಕರ, ಆಮ್ಯಾಕೆ ತಕರಾರು ಬ್ಯಾಡ,” ಎಂದ ನೀಲಕಂಠಸ್ವಾಮಿ.

ಸುಧಾಕರ ಬರೆದುಕೊಂಡ. ಮಾದಪ್ಪ ಒಮ್ಮೆ ಕೆಮ್ಮಿದ. “ಭಾಗ ಆಯ್ತಾ ನೀಲಕಂಠ? ಇನ್ನು ಬದಲಾಯ್ಸಂಗಿಲ್ಲ.”

“ಆಯ್ತು.”

ಮಲ್ಲೇಶ್ ಕೈ ಚಾಚಿದ. ಮಾದಪ್ಪ ತನ್ನ ಊರುಗೋಲನ್ನು ಆ ಕೈಗೆ ಅಡ್ಡ ಹಿಡಿದ. “ನೀನ್ಯಾಕ್ಲಾ ಬಂದೆ?”

“ನಾನೇ ಅಲ್ವ ಮಾದಪ್ಪಣ್ಣ ಚಿಕ್ಕೋನು?”

“ನಿನ್ನಿಂದಾಚೆಗೆ ನಿಮ್ಮವ್ವ ಇನ್ಯಾರನ್ನೂ ಹೆತ್ತಿಲ್ವ?”

ಜಗುಲಿಯ ಮೇಲಿದ್ದವರೆಲ್ಲ ಬಾಗಿಲ ಕಡೆ ನೋಡಿದರು. ಭಾಗದ ಮಾತು ಬಂದಾಗಲೆಲ್ಲ ನೀಲಕಂಠಸ್ವಾಮಿ ಇಷ್ಟು ವರ್ಷ ಎಣಿಸಿದ್ದು ಇಬ್ಬರನ್ನೇ. ಸಿಟ್ಟಿನಲ್ಲಿ ಮೂರನೆಯ ಎಲೆಯೇನೋ ಇಟ್ಟ. ಆ ಎಲೆಗೆ ಒಂದು ಕೈಯೂ ಬರುತ್ತದೆ, ಆ ಕೈ ಎಲ್ಲರಿಗಿಂತ ಕಿರಿದು ಎನ್ನುವುದು ತಲೆಗೇ ಹೋಗಿರಲಿಲ್ಲ.

“ಹೆಣ್ಮಕ್ಕಳು ಎಲೆ ಎತ್ತಿದ್ದು ನಾನಂತೂ ಕಂಡಿಲ್ಲ,” ಎಂದ ಮಲ್ಲೇಶ್.

“ನಾನೂ ಕಂಡಿಲ್ಲ,” ಎಂದ ಮಾದಪ್ಪ. “ಎಲೆ ಇಟ್ಟೋರು ನೀವು. ಬಾರವ್ವ.”

ಅವಳು ಬಂದು ಕುಕ್ಕುರುಗಾಲಲ್ಲಿ ಕೂತಳು. ಎದುರಿಗೆ ಅಣ್ಣನ ಪಾದಗಳು ಕಂಡವು. ಬಿರಿದ ಹಿಮ್ಮಡಿಯಲ್ಲಿ ಬಾವಿ ಹೊಲದ ಕಪ್ಪು ಮಣ್ಣೇ ಇತ್ತು. ಆ ಬೋರು ತೆಗೆಸಿದ ದಿನ ಅವನು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರು ಚಿಮ್ಮುವುದನ್ನು ತೋರಿಸಿದ್ದ. ಬಾರೆ ಎತ್ತಿದರೆ ಬಂಗಾರದಂಥ ತಂಗಿ ಅನ್ನುತ್ತಾರೆ. ಹಬ್ಬಕ್ಕೆ ಕರೆಯುತ್ತಾರೆ, ಅತ್ತಿಗೆ ತಲೆ ಬಾಚುತ್ತಾಳೆ. ಸೋಮೇಶನಿಗೆ ಕೆಲಸವಿಲ್ಲದ ತಿಂಗಳು ಬಂದಾಗ ಈ ಕೂಸು ಆ ಹೆಸರನ್ನು ಉಣ್ಣುವುದಿಲ್ಲ.

ಅವಳು ಕಪ್ಪು ಮಣ್ಣಿನ ಎಲೆ ಎತ್ತಿದಳು.

ನಾಗರತ್ನ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಲ್ಲೇಶ್ ಯಾರನ್ನೂ ನೋಡದೆ ಕೆಮ್ಮಣ್ಣಿನ ಎಲೆ ಎತ್ತಿದ. ಉಳಿದ ಎಲೆಯನ್ನು ನೀಲಕಂಠಸ್ವಾಮಿ ಮುಟ್ಟಲಿಲ್ಲ. ನೊರಜುಗಲ್ಲು ಚಾಪೆಯ ಮೇಲೆ ಹಾಗೆಯೇ ಇತ್ತು. ಕೊನೆಗೆ ನಾಗರತ್ನಳೇ ಬಂದು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

“ಸುಧಾಕರಣ್ಣ,” ಎಂದಳು ರೂಪಶ್ರೀ. “ಆ ನೀರಿನ ಸಾಲು ಹೊಡೆದಾಕಿ. ಬಾರೆ ಹೊಲಕ್ಕೆ ವಾರಕ್ಕೆ ಮೂರು ದಿನ ನೀರು ಅಂತ ಬರೀರಿ. ಸೋಮವಾರ, ಗುರುವಾರ, ಶನಿವಾರ. ಅಣ್ಣಂಗೂ, ಅಣ್ಣನ ಮಕ್ಕಳಿಗೂ. ಪೈಪು ಹಾಯೋಕೆ ನನ್ನ ಹೊಲ್ದಲ್ಲಿ ದಾರಿ. ಈಗ ನಿಂತಿರೋ ಅರಿಶಿನ ಅಣ್ಣಂದು. ಅದು ಕೀಳೋಗಂಟ ನಾನು ಹೊಲಕ್ಕೆ ಇಳಿಯಲ್ಲ.”

“ನಿನ್ನ ಧರ್ಮ ನಂಗೆ ಬ್ಯಾಡ,” ಎಂದ ನೀಲಕಂಠಸ್ವಾಮಿ. ದನಿ ಒಡೆದಿತ್ತು.

“ಧರ್ಮ ಅಲ್ಲಣ್ಣ, ಪತ್ರ. ನಾಳೆ ನಾನೇ ಮನಸ್ಸು ಬದಲಾಯ್ಸಿದ್ರೂ ನಿನ್ನ ನೀರು ನಿಲ್ಲಬಾರ್ದು.”

ಅವನು ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದ. ನೋಂದಣಿಯ ದಿನ ಬಂದ, ಫೋಟೋ ತೆಗೆಸಿಕೊಂಡ, ಹೆಬ್ಬೆಟ್ಟು ಒತ್ತಿದ, ಹೋದ. ಸೀರೆಯ ಕವರು ನಾಗರತ್ನಳ ಬೀರುವಿಗೇ ವಾಪಸಾಯಿತು. ದೀಪಾವಳಿಗೆ ತವರಿನಿಂದ ಕರೆ ಬರಲಿಲ್ಲ. ರೂಪಶ್ರೀ ಆ ದಿನದ ಡೈರಿಯಲ್ಲಿ ಕೂಸಿಗೆ ಎರಡನೇ ಹಲ್ಲು ಬಂತು ಎಂದು ಮಾತ್ರ ಬರೆದಳು.

ಮಾಘ ಮಾಸದಲ್ಲಿ ಅರಿಶಿನ ಕಿತ್ತರು. ಆಮೇಲೆ ಅವಳು ಹೊಲಕ್ಕೆ ಇಳಿದಳು. ಹಸಿರು ನೆರಳು ಬಲೆ ಕಟ್ಟಿಸಿದಳು. ದಿನಾ ಬೆಳಗ್ಗೆ ಬಸ್ಸಿನಲ್ಲಿ ಬಂದು, ಹುಣಸೆ ಕೊಂಬೆಗೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿ, ಟ್ರೇಗಳ ಮುಂದೆ ಕೂರುತ್ತಿದ್ದಳು. ಮೊದಲ ಸೋಮವಾರ ಅಣ್ಣ ಬರಲಿಲ್ಲ. ಗುರುವಾರವೂ ಇಲ್ಲ. ಆ ದಿನಗಳಲ್ಲಿ ಅವಳು ತನ್ನ ಸಸಿಗೆ ಬಾವಿಯಿಂದ ಕೊಡದಲ್ಲಿ ಸೇದಿ ಹಾಕಿದಳೇ ಹೊರತು ಬೋರಿನ ಸ್ವಿಚ್ಚು ಮುಟ್ಟಲಿಲ್ಲ. ಬಾರೆಯಲ್ಲಿ ಅಣ್ಣ ನೆಟ್ಟ ಸಣ್ಣೀರುಳ್ಳಿಯ ತುದಿ ಹಳದಿಯಾಗುತ್ತಿದ್ದದ್ದು ಇಲ್ಲಿಂದಲೇ ಕಾಣುತ್ತಿತ್ತು.

ಶನಿವಾರ ಹತ್ತು ಗಂಟೆಗೆ ಬದುವಿನ ಮೇಲೆ ಯಾರೋ ಬಂದಂತಾಯಿತು. ನೀಲಕಂಠಸ್ವಾಮಿ. ಹೆಗಲ ಮೇಲೆ ಪೈಪಿನ ಸುರುಳಿ. ಜೋಲಿಯ ಹತ್ತಿರ ಒಂದು ಗಳಿಗೆ ನಿಂತು ಒಳಗೆ ಇಣುಕಿದ. ಆಮೇಲೆ ಪಂಪಿನ ಮನೆಯ ಮುಂದೆ ಬಂದು, ಅವಳನ್ನು ನೋಡದೆ, ಅಂಗೈ ಮುಂದೆ ಮಾಡಿದ.

“ಬೀಗದ ಕೈ ಕೊಡವ್ವ.”

ಐದು ತಿಂಗಳಲ್ಲಿ ಇದೇ ಮೊದಲ ಮಾತು. ಅವಳು ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟಳು.

“ಒದ್ದೆ ಕೈಲಿ ಮುಟ್ಬ್ಯಾಡ ಅಣ್ಣ. ಬಾಕ್ಸು ಶಾಕ್ ಹೊಡಿತದೆ.”

“ನಂಗೇಳ್ಕೊಡ್ತೀಯ?” ಎಂದ ಅವನು ಬೀಗ ತೆಗೆಯುತ್ತ. “ಅದ ಹಾಕ್ದೋನೇ ನಾನು ಕಣಮ್ಮಿ.”

ಹಾಗೆಂದವನು ಎರಡೂ ಕೈಯನ್ನು ಟವೆಲ್ಲಿಗೆ ಒರೆಸಿಕೊಂಡೇ ಸ್ವಿಚ್ಚು ಒತ್ತಿದ.