ಎರಡನೇ ಬೀಗ

ನಮ್ಮಕ್ಕ ಆಸ್ಪತ್ರೆಯ ಔಷಧಿ ಉಗ್ರಾಣದಲ್ಲಿ ಇಪ್ಪತ್ತಾರು ವರ್ಷ ದುಡಿದವಳು. ಮನೆಯಲ್ಲಿ ಸಕ್ಕರೆ ಡಬ್ಬಿಗೂ ಬೀಗ ಹಾಕುವ ಪೈಕಿ. ಆಸ್ಪತ್ರೆಯಲ್ಲಿ ಅವಳಿಗೆ ಬೀಗದಮ್ಮ ಎಂದೇ ಹೆಸರು. ಹಾಗೆ ಕರೆದರೆ ಅವಳಿಗೆ ಒಳಗೊಳಗೇ ಖುಷಿ. ತಮ್ಮನಾದ ನನಗೆ ಅದು ಗೊತ್ತು.

ಅವಳ ಕುರ್ಚಿಯ ಹಿಂದೆ ಒಂದು ತೇಗದ ಬೀರು. ಅದರೊಳಗೆ ಮಾರ್ಫಿನ್ ಗುಳಿಗೆ. ಕ್ಯಾನ್ಸರಿನ ನೋವಿಗೆ ಅದು ಒಳ್ಳೆಯ ಮದ್ದು, ಕಾನೂನಿನ ಕಣ್ಣಿಗೆ ಮಾತ್ರ ಅಮಲಿನ ಪದಾರ್ಥ. ಅದಕ್ಕೇ ಎರಡು ಬೀಗ. ಒಂದರ ಕೀಲಿ ಅಕ್ಕನ ಕೊರಳ ದಾರದಲ್ಲಿ, ಇನ್ನೊಂದು ದೊಡ್ಡ ಡಾಕ್ಟರ ಜೇಬಿನಲ್ಲಿ. ಇಬ್ಬರೂ ನಿಂತರಷ್ಟೇ ಬಾಗಿಲು ತೆರೆಯಬಹುದು.

ಊಟಕ್ಕೆ ಕೂತಾಗ ನಾನು ಕೆಣಕುತ್ತಿದ್ದೆ. “ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗಾಯ್ತು ನಿಮ್ಮ ಕಾನೂನು.”

“ನಿಂಗೇನೋ ಗೊತ್ತು? ಸಡಿಲ ಬಿಟ್ರೆ ನಾಳೆ ಗುಳಿಗೆ ಬೀದಿಗೆ ಬರತ್ತೆ. ದೊಡ್ಡಪ್ಪನ ಮಗ ಹಾಳಾಗಿದ್ದು ನೋಡಿಲ್ವಾ?”

ನೋಡಿದ್ದೆ. ಇನ್ನೊಂದಿಷ್ಟು ಅನ್ನ ಬಡಿಸಿಕೊಳ್ಳುತ್ತಿದ್ದೆ.

ಒಮ್ಮೆ ಆ ಬೀರು ಮಾಡಿದ ಬಡಗಿಯೇ ವಾರ್ಡಿಗೆ ಬಂದ. ಬೆನ್ನುಮೂಳೆಯ ಕ್ಯಾನ್ಸರ್. ದೊಡ್ಡ ಡಾಕ್ಟರು ಸಭೆಗೆಂದು ಬೇರೆ ಊರಿಗೆ ಹೋಗಿದ್ದರು. ಜೇಬಿನಲ್ಲಿದ್ದ ಕೀಲಿಯೂ ಅವರ ಜೊತೆಗೇ ಹೋಗಿತ್ತು. ಎರಡು ದಿನ. ಮಾಮೂಲಿ ಗುಳಿಗೆ ಅವನ ನೋವಿಗೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

“ಅಮ್ಮಾ, ಬೀರುವಿನ ಹಿಂದಿನ ಹಲಗೆಗೆ ನಾಲ್ಕೇ ಸ್ಕ್ರೂ. ನಾನೇ ಹಾಕಿದ್ದು, ಬಿಚ್ಚಿ,” ಎಂದು ಅಂಗಲಾಚಿದನಂತೆ.

ಅಕ್ಕ ಬೀರುವಿನ ಹಿಂದೆ ಹೋಗಿ ಸ್ಕ್ರೂ ಮುಟ್ಟಿ ನೋಡಿ ವಾಪಸ್ ಬಂದಳಂತೆ. ಬಿಚ್ಚಿದ್ದರೆ ಜೈಲು. ಅವನು ಕೂಗುವುದು ಉಗ್ರಾಣಕ್ಕೂ ಕೇಳುತ್ತಿತ್ತು. ಸಂಜೆ ಮನೆಗೆ ಬಂದು ನನ್ನೆದುರೇ ಅತ್ತಳು.

ಡಾಕ್ಟರು ಬಂದ ಮೇಲೆ ಔಷಧಿ ಸಿಕ್ಕಿತು, ಬಡಗಿ ಎದ್ದು ಕೂತ. ಮನೆಗೆ ಹೋದ ಮೇಲೆ ವಾರಕ್ಕೊಮ್ಮೆ ಗುಳಿಗೆಗೆ ಬರುತ್ತಿದ್ದ. ಕೊಡುವಾಗ ಅಕ್ಕ ಅವನ ಮುಖ ನೋಡುತ್ತಿರಲಿಲ್ಲ.

ಕಾನೂನು ತಿದ್ದಲು ಸರ್ಕಾರ ಜನರ ಅಭಿಪ್ರಾಯ ಕೇಳಿದಾಗ ಅವಳು ಮೂರು ಹಾಳೆ ಬರೆದಳು.

“ಎಲ್ಲಾ ಬಿಟ್ಬಿಡಿ ಅಂತ ಬರೆದ್ಯಾ?” ಎಂದೆ.

“ಇಲ್ವೋ ಮಾರಾಯ. ಬೀದೀಲಿ ಮಾರೋರಿಗೆ ಬೀಗ ಇರ್ಲಿ, ನೋವಲ್ಲಿರೋರಿಗೆ ಬೇಡ ಅಂತ ಬರೆದೆ.”

ಅವಳಂತೆ ಸಾವಿರಾರು ಜನ ಬರೆದಿದ್ದರು. ಎಂಟು ತಿಂಗಳಿಗೆ ಆದೇಶ ಬಂತು: ಒಂದೇ ಬೀಗ, ತರಬೇತಿ ಪಡೆದ ಒಬ್ಬರು ಸಾಕು.

ಎರಡನೇ ಬೀಗ ಕೀಳಲು ಬಡಗಿಯನ್ನೇ ಕರೆದರು. ನಾನು ಬುತ್ತಿ ಕೊಡಲು ಹೋದಾಗ ಅವನು ಬೀಗ ಕಿತ್ತ ತೂತಿಗೆ ತೇಗದ ಚೂರು ಕೂರಿಸಿ ಉಪ್ಪುಕಾಗದದಲ್ಲಿ ತಿಕ್ಕುತ್ತಿದ್ದ. ಅವನಿಗೆ ವಾರದ ಗುಳಿಗೆ ಕೊಡುವ ದಿನವೂ ಅದೇ, ನುಂಗುವ ಹೊತ್ತೂ ಆಯಿತು. ಅಕ್ಕ ಕೀಲಿ ತಿರುಗಿಸಿ, ಬಾಗಿಲು ಎಳೆಯದೆ ಉಗ್ರಾಣದ ಹೊಸ್ತಿಲ ಕಡೆ ನೋಡುತ್ತ ನಿಂತಳು.

“ಯಾಕಮ್ಮ?” ಎಂದ ಬಡಗಿ.

“ಡಾಕ್ಟ್ರು ಬರ್ಲಿ.”

ನಾನೂ ಬಡಗಿಯೂ ಹೊಟ್ಟೆ ಹಿಡಿದು ನಕ್ಕೆವು. ಅಕ್ಕನಿಗೂ ನಗು ಬಂತು, ಹಿಂದೆಯೇ ಕಣ್ಣು ತುಂಬಿತು. ಆ ಎರಡು ದಿನಗಳಾದ ಮೇಲೆ ಮೊದಲ ಬಾರಿ ಅವನ ಮುಖ ನೋಡಿದಳು.

“ಆವತ್ತು ಬಿಚ್ಚಲಿಲ್ಲ ನಾನು. ಕ್ಷಮಿಸಪ್ಪ.”

“ಆ ನಾಲ್ಕು ಸ್ಕ್ರೂ ಅಷ್ಟು ಬಿಗಿಯಾಗಿ ಹಾಕಿದೋನು ನಾನಲ್ವಾ? ಬೈಯೋದಾದ್ರೆ ನನ್ನನ್ನೇ ಬೈಬೇಕು,” ಎಂದು ಅವನು ಗುಳಿಗೆಗೆ ಕೈ ಚಾಚಿದ.

ಅವನು ಗುಳಿಗೆ ನುಂಗುವವರೆಗೂ ಅಕ್ಕ ನೀರಿನ ಲೋಟ ಹಿಡಿದು ನಿಂತಿದ್ದಳು.